ಬೆಟ್ಟದ ಮೇಲಿನ ಸೆರೆಮನೆ

ಇಟಲಿಯ ಅಸ್ಸೀಸಿಗೆ ಹೋಗಿದ್ದೆ ಎಂದರೆ ಎಲ್ಲರೂ ಕೇಳುವುದು ಸಂತ ಫ್ರಾನ್ಸಿಸನ ದೊಡ್ಡ ಚರ್ಚಿನ ಚಿತ್ರಗಳ ಬಗ್ಗೆ. ಅದನ್ನೂ ನೋಡಿದೆ. 1997ರ ಸೆಪ್ಟೆಂಬರ್ 26ರ ಭೂಕಂಪದಲ್ಲಿ ಅದರ ಚಾವಣಿ ಕುಸಿದು ನಾಲ್ವರು ಸತ್ತರು. ಚೂರಾದ ಚಿತ್ರಗಳನ್ನು ಹೆಕ್ಕಿ ಜೋಡಿಸುತ್ತ, 1999ರಲ್ಲಿ ಮತ್ತೆ ಬಾಗಿಲು ತೆರೆದರು. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಊರಿನ ಮೇಲೆ, ಸುಬಾಸಿಯೊ ಬೆಟ್ಟದ ಕಾಡಿನಲ್ಲಿರುವ ಪುಟ್ಟ ಆಶ್ರಮ.

ಊರಿನಿಂದ ಸುಮಾರು ನಾಲ್ಕು ಕಿಲೋಮೀಟರ್ ಏರು. "ಟ್ಯಾಕ್ಸಿ ಮಾಡೋಣಮ್ಮಾ" ಎಂದಳು ಮಗಳು. ನಾನು ಕೇಳಲಿಲ್ಲ. ಅರ್ಧ ದಾರಿಯಲ್ಲಿ ಮಂಡಿ ಹಿಡಿದುಕೊಂಡು ಕೂತಾಗ ಕೆಳಗೆ ಊರು ಕಂಡಿತು, ಅದೇ ಬೆಟ್ಟದ ನಸುಗೆಂಪು ಕಲ್ಲಿನಲ್ಲಿ ಕಟ್ಟಿದ್ದು.

ಆಶ್ರಮದ ಹೆಸರಿನಲ್ಲಿರುವ 'ಕಾರ್ಚೆರಿ' ಎಂದರೆ ಸೆರೆಮನೆಗಳು ಎಂದು ಮಗಳೇ ಹೇಳಿದ್ದು. ಕಳ್ಳರಿಗಲ್ಲ, ಫ್ರಾನ್ಸಿಸನೂ ಅವನ ಸಂಗಡಿಗರೂ ಜಪಕ್ಕೆಂದು ತಾವಾಗಿಯೇ ಒಳಸೇರುತ್ತಿದ್ದ ಗುಹೆಗಳು. ಕಟ್ಟಡ ಬಂದದ್ದು ಹದಿನೈದನೆಯ ಶತಮಾನದಲ್ಲಿ, ಸಿಯೆನಾದ ಬರ್ನಾರ್ಡಿನನ ಕಾಲಕ್ಕೆ. ಬಾಗಿಲುಗಳೋ, ನನ್ನಂಥ ಮೈಯವಳು ಅಡ್ಡಡ್ಡ ನುಸುಳಬೇಕು. ಫ್ರಾನ್ಸಿಸ್ ಮಲಗುತ್ತಿದ್ದ ಬಂಡೆ ತೋರಿಸುತ್ತಾರೆ. ಹೊರಗೆ ಕಬ್ಬಿಣದ ಊರೆ ಕೊಟ್ಟು ನಿಲ್ಲಿಸಿದ ಮುದಿ ಓಕ್ ಮರ. ಹಕ್ಕಿಗಳು ಅದರ ಮೇಲೆ ಕೂತು ಅವನ ಮಾತು ಕೇಳಿದವೆಂದು ನಂಬಿಕೆ.

ಇಂಥ ಆಶ್ರಮಗಳಿಗೆಂದು ಫ್ರಾನ್ಸಿಸ್ ಒಂದು ಚಿಕ್ಕ ನಿಯಮ ಬರೆದಿದ್ದಾನೆ. ಮೂವರು, ಹೆಚ್ಚೆಂದರೆ ನಾಲ್ವರು ಇರಬೇಕು. ಇಬ್ಬರು ತಾಯಂದಿರು, ಉಳಿದವರು ಮಕ್ಕಳು. ಮಕ್ಕಳು ಧ್ಯಾನಕ್ಕೆ ಕೂತರೆ ತಾಯಂದಿರು ಅವರನ್ನು ನೋಡಿಕೊಳ್ಳಬೇಕು, ಬಂದವರು ಹೋದವರು ತೊಂದರೆ ಕೊಡದಂತೆ ಕಾಯಬೇಕು. ಆಮೇಲೆ ಪಾತ್ರ ಅದಲುಬದಲು. ಗಡ್ಡದ ಗಂಡಸರಿಗೆ ತಾಯಿತನದ ಪಾಳಿ! ನಮ್ಮ ಮನೆಗಳಲ್ಲಿ ಈ ಪಾಳಿ ಯಾರಿಗೂ ತಪ್ಪಿಯೂ ಬದಲಾಗುವುದಿಲ್ಲ ನೋಡಿ.

ಹೆಂಗಸರ ಕಥೆ ಬೆಟ್ಟದ ಕೆಳಗಿತ್ತು. ಕ್ಲಾರಾ ಊರಿನ ಸಿರಿವಂತರ ಮಗಳು, ವಯಸ್ಸು ಹದಿನೆಂಟರ ಆಸುಪಾಸು. 1212ರ ಗರಿಗಳ ಭಾನುವಾರದ ರಾತ್ರಿ ಮನೆ ಬಿಟ್ಟು ಬಯಲಿನ ಸಣ್ಣ ಗುಡಿಗೆ ಬಂದಳು. ಫ್ರಾನ್ಸಿಸ್ ಅವಳ ಕೂದಲು ಕತ್ತರಿಸಿದ. ಎಳೆದೊಯ್ಯಲು ಬಂದ ನೆಂಟರಿಗೆ ಅವಳು ಆಲ್ಟರಿನ ಬಟ್ಟೆ ಹಿಡಿದು ಬೋಳುತಲೆ ತೋರಿಸಿದಳಂತೆ. ಅವರು ಸುಮ್ಮನೆ ಹಿಂದಿರುಗಿದರು. ಮುಂದೆ ಊರ ಕೆಳಗಿನ ಸಾನ್ ದಮಿಯಾನೊದಲ್ಲಿ ನಲವತ್ತು ವರ್ಷ ಮೀರಿ ಇದ್ದಳು. ಗಂಡಸರಂತೆ ಅವಳಿಗೆ ಬೆಟ್ಟ ಹತ್ತಿ ಇಳಿಯುವ ಭಾಗ್ಯವಿರಲಿಲ್ಲ. ಆದರೆ ಆಸ್ತಿಯಿಲ್ಲದೆ ಬದುಕುವ ಹಟ ಬಿಡಲಿಲ್ಲ. ತನ್ನ ಹೆಂಗಸರಿಗಾಗಿ ತಾನೇ ನಿಯಮ ಬರೆದಳು. ಪೋಪ್ ಅದಕ್ಕೆ ಒಪ್ಪಿಗೆ ಕೊಟ್ಟದ್ದು 1253ರ ಆಗಸ್ಟ್ 9ರಂದು. 11ಕ್ಕೆ ಅವಳು ತೀರಿಕೊಂಡಳು.

ಅವಳ ಹೆಸರಿನ ಚರ್ಚಿನ ನೆಲಮಾಳಿಗೆಯಲ್ಲಿ ಗಾಜಿನ ಹಿಂದೆ ಆ ಕೂದಲಿದೆ. ಹೊಂಬಣ್ಣದ ಗುಂಗುರು. ಎದುರು ನಿಂತವಳು ಅಲುಗಲಾರದೆ ಹೋದೆ.

ನಮ್ಮ ದೊಡ್ಡಜ್ಜಿಗೆ ಹದಿಮೂರಕ್ಕೇ ಗಂಡ ಹೋದ. ತಿಂಗಳಿಗೊಮ್ಮೆ ಹಿತ್ತಿಲಿಗೆ ಕ್ಷೌರಿಕ ಬರುತ್ತಿದ್ದ. ಅವಳು ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂರುವಳು. ನಮ್ಮನ್ನು ಒಳಗೆ ಅಟ್ಟುವರು. ಕೆಂಪು ಸೀರೆಯ ಸೆರಗು ತಲೆಯಿಂದ ಜಾರಿದ್ದನ್ನು ನಾನು ಕಂಡಿಲ್ಲ. ಸಂಜೆ ಮಡಿ ಕಳೆದ ಮೇಲೆ ನನಗೆ ಎಣ್ಣೆ ಹಚ್ಚಿ ಜಡೆ ಹೆಣೆಯುವ ಕೆಲಸ ಮಾತ್ರ ಅವಳದೇ. ಅಮ್ಮ ಹೆಣೆದರೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಅವಳ ಕತ್ತರಿಸಿದ ಕೂದಲು ಯಾವ ತಿಪ್ಪೆ ಸೇರಿತೋ.

"ಏನಮ್ಮಾ, ಇಷ್ಟು ಹೊತ್ತು?" ಎಂದಳು ಮಗಳು. ಬಸ್ಸಿಗೆ ಕಾಯುತ್ತ ಇದೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ದೊಡ್ಡಜ್ಜಿ ಕೂದಲು ಹೇಗಿತ್ತು? ನಿನ್ನ ಹಾಗೆ ಗುಂಗುರಾ?" ಎಂದಳು.

ಕಂಡವರು ಒಬ್ಬರೂ ಉಳಿದಿರಲಿಲ್ಲ.