ಹಿತ್ತಲ ಪರಸಿ: ಕೃಷ್ಣಾತೀರದ ಗಡಿನಾಡಿನಲ್ಲಿ ಮೀನು ಹಸನು ಮಾಡುವ ತಾಣ

1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯ ಭಾಷೆಯ ಆಧಾರದ ಮೇಲೆ ಹಂಚಿಹೋದಾಗ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದವು. ಕಚೇರಿಯ ವ್ಯವಹಾರ ತೆಲುಗಿನತ್ತ ಹೊರಳಿತು. ಹಿತ್ತಲಿನ ವ್ಯವಹಾರ ಮಾತ್ರ ಈ ಗೆರೆಯನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ಗದ್ವಾಲ, ಮಕ್ತಲ, ನಾರಾಯಣಪೇಟೆಗಳ ಕನ್ನಡ ಮನೆಗಳಲ್ಲಿ ಮೀನು ಹಸನು ಮಾಡುವ ತಾಣ ಇದಕ್ಕೆ ಸಾಕ್ಷಿ.

ಹಸಿ ಮೀನು ಅಡಿಗೆಮನೆಯ ಹೊಸ್ತಿಲು ದಾಟುವುದು ತೊಳೆದ ಮೇಲೆಯೇ. ಅದಕ್ಕೆ ಮುಂಚಿನ ಕೆಲಸವೆಲ್ಲ ಹಿತ್ತಲಿನದು. ಬಚ್ಚಲ ನೀರು ಹರಿದುಹೋಗುವ ಕಡೆ, ಬಾಳೆಯ ಇಲ್ಲವೆ ನುಗ್ಗೆಯ ಬುಡಕ್ಕೆ ತುಸು ಇಳಿಜಾರಾಗಿ ಹಾಸಿದ ಒಂದು ಕಲ್ಲು ಚಪ್ಪಡಿ. ಪಕ್ಕದಲ್ಲಿ ನೀರಿನ ಕೊಡ, ಬೂದಿಯ ಕುಡಿಕೆ. ತಾಣವೆಂದರೆ ಇಷ್ಟೇ. ಚಪ್ಪಡಿ ಶಹಾಬಾದಿನದು ಅಥವಾ ತಾಂಡೂರಿನದು. ಪದರು ಪದರಾಗಿ ಏಳುವ ಆ ಸುಣ್ಣಕಲ್ಲಿನ ಮೈ ನಯವಾಗಿರುವುದರಿಂದ ಲೋಳೆ ಹಿಡಿದುಕೊಳ್ಳದೆ ಒಂದು ತಂಬಿಗೆ ನೀರಿಗೆ ಜಾರಿಹೋಗುತ್ತದೆ. ಕನ್ನಡದಲ್ಲಿ ಅದು ಪರಸಿ, ತೆಲುಗಿನಲ್ಲಿ ನಾಪರಾಯಿ. ತಾಂಡೂರು ಸಹ 1956ರವರೆಗೆ ಕಲಬುರಗಿ ಜಿಲ್ಲೆಯ ಊರೇ ಆಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಈಳಿಗೆಯ ಮಣೆಯನ್ನು ಕಾಲಿನಿಂದ ಅದುಮಿ ಕುಳಿತರೆ ಎರಡು ಕೈಗಳೂ ಬಿಡುವಾಗುತ್ತವೆ. ಜಾರುವ ಮೀನಿಗೆ ಎರಡೂ ಬೇಕು. ಕೊರಮೀನಿನ ಲೋಳೆಗೆ ಬೂದಿಯೇ ಮದ್ದು. ಬೂದಿ ಹಚ್ಚಿದ ಮೇಲೆ ಬಾಲದಿಂದ ತಲೆಯ ಕಡೆಗೆ ಹುರುಪೆ ಕೆರೆಯುವುದು, ರೆಕ್ಕೆ ಕೊಯ್ಯುವುದು, ಆಮೇಲೆ ಹೊಟ್ಟೆ ಸೀಳುವುದು. ಪಿತ್ತದ ಚೀಲ ಒಡೆದರೆ ಸಾರೆಲ್ಲ ಕಹಿ. ಆದುದರಿಂದ ಕಲಿಯುವವರ ಕೈಗೆ ಈ ಘಟ್ಟದಲ್ಲಿ ಈಳಿಗೆ ಸಿಕ್ಕುವುದು ತಡವಾಗಿ. ಕೊನೆಗೆ ಉಪ್ಪು, ಅರಿಸಿನ, ಹುಣಿಸೆಹಣ್ಣು. ಕೆಲಸದ ನಡುವೆ ಈಳಿಗೆಗೆ ಕತ್ತಿಪೀಟವೆಂದೂ ಹುರುಪೆಗೆ ಪೊಲುಸು ಎಂದೂ ಹೆಸರು ಬದಲಾಗುತ್ತಲೇ ಇರುತ್ತದೆ; ಎರಡನ್ನೂ ಅರಿಯದ ಮಗು ಅಂಥ ಹಿತ್ತಲಲ್ಲಿ ಬೆಳೆಯಲಾರದು. ಗಡಿನಾಡಿನ ಕನ್ನಡವನ್ನು ಶಾಲೆಗಳ ಸಂಖ್ಯೆಯಿಂದಷ್ಟೇ ಅಳೆಯುವವರಿಗೆ ಈ ನುಡಿ ಕಿವಿಗೆ ಬೀಳುವುದಿಲ್ಲ.

1990ರ ದಶಕದಲ್ಲಿ ಕೃಷ್ಣೆಗೆ ಅಡ್ಡಲಾಗಿ ಜುರಾಲ ಅಣೆಕಟ್ಟು ಎದ್ದಿತು. ನಿಂತ ನೀರಿನಲ್ಲಿ ಕಟ್ಲಾ, ರೋಹುಗಳು ಬೆಳೆದವು. 2016ರಿಂದ ತೆಲಂಗಾಣ ಸರ್ಕಾರ ಕೆರೆ, ಜಲಾಶಯಗಳಿಗೆ ಉಚಿತವಾಗಿ ಮೀನುಮರಿ ಬಿಡಿಸತೊಡಗಿತು. ದೊಡ್ಡ ಕಟ್ಲಾದ ತಲೆಗೆ ಮನೆಯ ಈಳಿಗೆ ಸಾಲದು. ಮಾರುವವರೇ ಮರದ ಕೊರಡಿನ ಮೇಲಿಟ್ಟು ಕತ್ತಿಯಿಂದ ತುಂಡರಿಸಿ ಚೀಲಕ್ಕೆ ಹಾಕುವ ರೂಢಿ ಹೀಗೆ ಬಲಿಯಿತು. ಮಾತು ಕೂಡ ಕೊರಡಿನ ಬಳಿಯೇ, ತೆಲುಗಿನಲ್ಲಿ, ದರದೊಂದಿಗೆ ಮುಗಿದುಹೋಗುತ್ತದೆ.

ಪರಸಿ ಇನ್ನೂ ಹಲವು ಹಿತ್ತಲುಗಳಲ್ಲಿ ಇದೆ. ಅದರ ಮೇಲೆ ಈಗ ಬಟ್ಟೆ ಒಗೆಯುತ್ತಾರೆ. ಎಂದಾದರೊಮ್ಮೆ ಇಡೀ ಕೊರಮೀನು ಮನೆಗೆ ಬಂದರೆ ಈಳಿಗೆಯನ್ನು ಅಟ್ಟದಿಂದ ಇಳಿಸುವುದುಂಟು. ಗ್ಯಾಸಿನ ಒಲೆಯಲ್ಲಿ ಬೂದಿಯಿಲ್ಲ. ಸ್ನಾನದ ನೀರಿಗೆ ಕಟ್ಟಿಗೆ ಉರಿಸುವ ನೆರೆಮನೆಯಿಂದ ಒಂದು ಹಿಡಿ ಕೇಳಿ ತರಬೇಕು.