ಬೆಕ್ಕಲ್ಲದ ಹಾರುಬೆಕ್ಕು

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ದಾರಿಯಲ್ಲಿ ಬಂಡೀಪುರ ಕಂಡವರಿಗೆ ಆನೆ, ಜಿಂಕೆ, ಕಾಟಿಗಳ ಪರಿಚಯವುಂಟು. ಅಲ್ಲಿನ ಹಾರುಬೆಕ್ಕನ್ನು ಕಂಡವರು ವಿರಳ. ಕತ್ತಲಾದ ಮೇಲೆ ಮರದ ಪೊಟರೆಯಿಂದ ಹೊರಬೀಳುವ ಇದು ಬೆಕ್ಕೂ ಅಲ್ಲ, ಇದಕ್ಕೆ ಹಾರಲೂ ಬಾರದು. ಇದು ಅಳಿಲಿನ ಜಾತಿ. ಮುಂಗಾಲಿನಿಂದ ಹಿಂಗಾಲಿನವರೆಗೆ ಹಬ್ಬಿದ ಚರ್ಮವನ್ನು ಬಿಡಿಸಿಕೊಂಡು ಎತ್ತರದ ಕೊಂಬೆಯಿಂದ ಇನ್ನೊಂದು ಮರದ ಕಾಂಡಕ್ಕೆ ತೇಲಿ ಇಳಿಯುತ್ತದೆ. ಮತ್ತೆ ಎತ್ತರ ಬೇಕೆಂದರೆ ಹತ್ತಲೇಬೇಕು!

ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟವನು ಕನ್ನಡ ನಾಡಿನ ಚರಿತ್ರೆಗೆ ಹೊಸಬನಲ್ಲ. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಹತನಾದಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬನಾದ ವಾಲ್ಟರ್ ಎಲಿಯಟ್ ಈತ. ಬಿಡುಗಡೆಯಾದ ಮೇಲೆ ಧಾರವಾಡ ಸೀಮೆಯಲ್ಲಿ ಕೆಲಸ ಮಾಡುತ್ತ ಶಾಸನಗಳ ಪ್ರತಿ ಮಾಡಿಸಿದ, ಪ್ರಾಣಿಗಳ ಪಟ್ಟಿಯನ್ನೂ ಮಾಡಿದ. 1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಅಚ್ಚಾದ ಆ ಪಟ್ಟಿಯಲ್ಲಿ ಹಾರುಬೆಕ್ಕಿಗೆ ದೊರೆತ ಹೆಸರು ‘ಫಿಲಿಪ್ಪೆನ್ಸಿಸ್’. ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಈ ಪ್ರಾಣಿ ಇಲ್ಲವೇ ಇಲ್ಲ. ಆದರೆ ಮೊದಲು ಇಟ್ಟ ಹೆಸರು ಅರ್ಥ ತಪ್ಪಿದರೂ ಬದಲಾಗದೆಂಬುದು ಪ್ರಾಣಿಶಾಸ್ತ್ರದ ಕಟ್ಟಳೆ.

ಇದರ ಕುಲನಾಮ ‘ಪೆಟಾರಿಸ್ಟ’. ಲ್ಯಾಟಿನ್ನಿನಲ್ಲಿ ಹಗ್ಗದ ಮೇಲೆ ಕಸರತ್ತು ಮಾಡುವವನೆಂದು ಅರ್ಥ. ಇದೇ ಮೂಲದ ‘ಪೆಟಾರಸ್’ ಎಂಬ ಹೆಸರು 1791ರಲ್ಲೇ ಆಸ್ಟ್ರೇಲಿಯದ ಇನ್ನೊಂದು ತೇಲುಪ್ರಾಣಿಗೆ ಸಂದಿತ್ತು. ಶುಗರ್ ಗ್ಲೈಡರ್ ಆ ಕುಲದ್ದೇ. ನೋಡಲು ನಮ್ಮ ಹಾರುಬೆಕ್ಕಿನ ಚಿಕ್ಕ ತಮ್ಮನಂತಿದ್ದರೂ ಅದು ಕಾಂಗರೂವಿನ ಬಳಗ. ಗರ್ಭದಲ್ಲಿ ಸುಮಾರು 16 ದಿನ ಮಾತ್ರ ಇದ್ದು ಹುಟ್ಟುವ ಮರಿ ತಾಯಿಯ ಹೊಟ್ಟೆಚೀಲದಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಬೆಳೆಯುತ್ತದೆ. ಎರಡು ವಂಶಗಳೂ ಬೇರೆಯಾಗಿ 10 ಕೋಟಿ ವರ್ಷಗಳಿಗೂ ಮೀರಿದೆ. ತೇಲುವ ವಿದ್ಯೆಯನ್ನು ಅವು ಬೇರೆಬೇರೆಯಾಗಿಯೇ ಕಲಿತವು. ಗ್ಲೈಡರಿನ ಚರ್ಮ ಕಿರುಬೆರಳಿನಿಂದ ಹೊರಟರೆ, ಹಾರುಬೆಕ್ಕಿನ ಚರ್ಮವನ್ನು ಮಣಿಕಟ್ಟಿನಿಂದ ಚಾಚಿದ ಮೃದ್ವಸ್ಥಿಯ ಕಡ್ಡಿಯೊಂದು ಕೊಡೆಯ ಕಡ್ಡಿಯಂತೆ ಎತ್ತಿಹಿಡಿಯುತ್ತದೆ.

ಮೈಸೂರು ಮಹಾರಾಜರು 1931ರಲ್ಲಿ ವೇಣುಗೋಪಾಲ ವನ್ಯಧಾಮ ಮಾಡಿದಾಗಲಾಗಲಿ, 1973ರಲ್ಲಿ ಹುಲಿ ಯೋಜನೆ ಬಂದಾಗಲಾಗಲಿ ಈ ಪ್ರಾಣಿಯ ಲೆಕ್ಕ ಯಾರ ಮನಸ್ಸಿನಲ್ಲೂ ಇದ್ದಂತಿಲ್ಲ. ಹುಲಿಯ ನೆರಳಲ್ಲಿ ಅದಕ್ಕೂ ರಕ್ಷಣೆ ಸಿಕ್ಕಿತು, ಅಷ್ಟೆ. 2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಅದನ್ನು ತೆಗೆಯಬೇಕೆಂಬ ಒತ್ತಾಯ ಆಗಾಗ ಏಳುತ್ತದೆ, ವಾದವೆಲ್ಲ ಆನೆ-ಹುಲಿಗಳ ಸುತ್ತ ನಡೆಯುತ್ತದೆ. ಹಾರುಬೆಕ್ಕಿಗೆ ಬೇಕಾದದ್ದು ಪೊಟರೆಯುಳ್ಳ ಹಳೆಯ ಮರ, ಮತ್ತು ಒಂದೇ ನೆಗೆತಕ್ಕೆ ಎಟುಕುವ ಇನ್ನೊಂದು ಮರ. ರಸ್ತೆಯ ಅಂಚಿನ ಮರಗಳು ಉರುಳಿ ನಡುವಿನ ಬಯಲು ಹಿಗ್ಗಿದರೆ ಅದು ನೆಲಕ್ಕಿಳಿದೇ ದಾಟಬೇಕು. ನೆಲದ ಮೇಲೆ ಅದರ ನಡಿಗೆ ಬಲು ನಿಧಾನ.