ಜಗುಲಿಯ ಹುಲಿ, ಸಾಗರದ ಹುಲಿ

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆಯ ಹಳ್ಳಿಗಳಲ್ಲಿ ಯುದ್ಧ ನಡೆಸಲು ಸೈನ್ಯ ಬೇಕಾಗಿರಲಿಲ್ಲ. ಒಂದು ತುಂಡು ಇದ್ದಿಲು, ಮೂರು ಕಲ್ಲು, ಹದಿನೈದು ಹುಣಸೆ ಬೀಜ, ನೆರಳಿರುವ ಒಂದು ಅರಳಿಕಟ್ಟೆ ಇದ್ದರೆ ಸಾಕಾಗಿತ್ತು. ಕಟ್ಟೆಯ ಚಪ್ಪಡಿಯ ಮೇಲೆ ತ್ರಿಕೋನ ಬರೆದು, ಅಡ್ಡಗೆರೆ ಎಳೆದು, ಕಲ್ಲುಗಳನ್ನು ಹುಲಿ ಎಂದೂ ಬೀಜಗಳನ್ನು ಕುರಿ ಎಂದೂ ಕರೆದರೆ ಆಟ ಶುರು. ಕನ್ನಡದವರು ಇದನ್ನು ಹುಲಿ-ಕುರಿ ಎಂದರೆ, ತೆಲುಗು ಮಾತೂ ಅಷ್ಟೇ ಸಲೀಸಾಗಿ ಓಡಾಡುವ ಈ ಗಡಿ ಸೀಮೆಯಲ್ಲಿ ಪುಲಿ-ಮೇಕ ಎಂಬ ಹೆಸರೂ ಉಂಟು.

ಆಟದ ನಿಯಮ ಸರಳ. ಗೆರೆಗಳು ಕೂಡುವ 23 ಮನೆಗಳಿವೆ. ಹುಲಿ ಮೂರೇ, ಆದರೆ ಪಕ್ಕದ ಕುರಿಯ ಮೇಲೆ ನೇರವಾಗಿ ಹಾರಿ ಆಚೆಯ ಖಾಲಿ ಮನೆಯಲ್ಲಿ ಕುಳಿತರೆ ಆ ಕುರಿ ಸತ್ತಂತೆ. ಕುರಿಗಳು ಹದಿನೈದು, ಆದರೆ ಅವು ಯಾರನ್ನೂ ಕೊಲ್ಲಲಾರವು. ಒಂದೊಂದಾಗಿ ಬಂದು ಕೂರಬೇಕು, ಎಲ್ಲವೂ ಕೂತ ನಂತರವೇ ಕದಲಬೇಕು. ಹುಲಿಗೆ ಹೆಜ್ಜೆ ಇಡಲೂ ಜಾಗವಿಲ್ಲದಂತೆ ಸುತ್ತುಗಟ್ಟಿದರೆ ಕುರಿಗೆ ಗೆಲುವು. ಮೊದಲರ್ಧ ಹುಲಿಯದು, ಉಳಿದರ್ಧ ಕುರಿಯದು.

ಆದರೆ ಈ ಆಟದ ಸೊಗಸು ಆಡುವ ಇಬ್ಬರಲ್ಲಿ ಮಾತ್ರ ಇರುವುದಿಲ್ಲ. ಸುತ್ತ ನಿಂತು ನೋಡುವ ಹತ್ತು ಜನರಿಗೆ ಆಡುವವರಿಗಿಂತ ಹೆಚ್ಚು ಗೊತ್ತಿರುತ್ತದೆ. 'ಅಲ್ಲಿಡಬೇಡ ಕಣೋ, ನುಂಗಿ ನೀರು ಕುಡೀತದೆ' ಎಂದು ಒಬ್ಬ. 'ಸುಮ್ಮನಿರಯ್ಯ, ಅವನು ಕುರಿ ಸಾಕಿದೋನು' ಎಂದು ಇನ್ನೊಬ್ಬ. ಈ ಹಾಸ್ಯದ ವೀಕ್ಷಕ ವಿವರಣೆಯಿಲ್ಲದೆ ಹುಲಿ-ಕುರಿ ಸಪ್ಪೆ. ಜೊತೆಗೆ ಅದಕ್ಕೆ ಇನ್ನೊಂದು ಕೆಲಸವೂ ಉಂಟು. ಸೋಲುತ್ತಿರುವವನು ಸತ್ತ ಕುರಿಯನ್ನು ಮೆಲ್ಲಗೆ ಮತ್ತೆ ಹಾಸಿನ ಮೇಲೆ ಇಡಲು ಹೋದರೆ, ಹತ್ತು ಬಾಯಿ ಒಟ್ಟಿಗೆ ಬೊಬ್ಬೆ ಹಾಕುತ್ತವೆ.

ಇಂಥ ಹತ್ತು ಬಾಯಿ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಇಪ್ಪತ್ತನೆಯ ಶತಮಾನದ ದೊಡ್ಡದೊಂದು ಉದಾಹರಣೆ ಪೆಸಿಫಿಕ್ ಸಾಗರದಲ್ಲಿದೆ.

ಸೇನಾಪತಿಗಳ ಪಗಡೆ

ಯುದ್ಧವನ್ನು ಹಾಸಿನ ಮೇಲೆ ಆಡುವುದು ಹಳೆಯ ಅಭ್ಯಾಸ. ಆನೆ, ಕುದುರೆ, ರಥ, ಕಾಲಾಳುಗಳ ಚತುರಂಗ ಭಾರತದಲ್ಲೇ ಹುಟ್ಟಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ರಾಜ್ಯಾಡಳಿತವನ್ನು 1831ರಲ್ಲಿ ಬ್ರಿಟಿಷರಿಗೆ ಕಳೆದುಕೊಂಡ ಮೇಲೂ ಚದುರಂಗದ ಮನೆಗಳಲ್ಲಿ ದೊರೆಯಾಗಿಯೇ ಉಳಿದರು. ಅವರು ರಚಿಸಿದ ಆಟಗಳೂ ಕುದುರೆಯ ನಡಿಗೆಯ ಬಂಧಗಳೂ ಇಂದಿಗೂ ಪಂಡಿತರ ಕುತೂಹಲದ ವಸ್ತು. ಅತ್ತ ಪ್ರಷ್ಯಾದಲ್ಲಿ ರೈಸ್‌ವಿಟ್ಸ್ ಎಂಬ ಅಧಿಕಾರಿ 1824ರಲ್ಲಿ ನಿಜವಾದ ಭೂಪಟ, ದಾಳ ಹಾಗೂ ಒಬ್ಬ ತೀರ್ಪುಗಾರ ಇರುವ ಯುದ್ಧದಾಟವನ್ನು ಸೈನ್ಯದ ತರಬೇತಿಗೆ ಒದಗಿಸಿದ. ಅಲ್ಲಿಂದ ಅದು ದೇಶ ದೇಶಗಳ ಸೇನೆಗಳಿಗೆ ಹಬ್ಬಿತು.

ಅಮೆರಿಕದ ನ್ಯೂಪೋರ್ಟ್‌ನಲ್ಲಿರುವ ನೌಕಾ ಯುದ್ಧ ಕಾಲೇಜಿನಲ್ಲಿ ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಅಧಿಕಾರಿಗಳು ನೆಲದ ಮೇಲೆ ಪುಟ್ಟ ಹಡಗುಗಳನ್ನಿಟ್ಟು ಜಪಾನಿನ ವಿರುದ್ಧ ಮತ್ತೆ ಮತ್ತೆ ಆಡಿದರು, ಮತ್ತೆ ಮತ್ತೆ ಸೋತು ಕಲಿತರು. ಮುಂದೆ ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥನಾದ ಅಡ್ಮಿರಲ್ ನಿಮಿಟ್ಜ್, ಆತ್ಮಾಹುತಿ ವಿಮಾನಗಳನ್ನು ಬಿಟ್ಟರೆ ಯುದ್ಧದಲ್ಲಿ ನಡೆದ ಬೇರೆ ಯಾವುದೂ ತಮಗೆ ಹೊಸದಾಗಿ ಕಾಣಲಿಲ್ಲ ಎಂಬರ್ಥದ ಮಾತನ್ನು ನಂತರ ಬರೆದ.

ಜಪಾನೂ ಆಡಿತು. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಎರಗಿದ ಜಪಾನ್, 1942ರ ಫೆಬ್ರವರಿಯಲ್ಲಿ ಸಿಂಗಪುರವನ್ನೂ ಮಾರ್ಚ್‌ನಲ್ಲಿ ರಂಗೂನನ್ನೂ ನುಂಗಿತ್ತು. ಹುಲಿ ಹಾರಿದ ಕಡೆಯಲ್ಲೆಲ್ಲ ಕುರಿ ಸತ್ತಿತ್ತು. ಮುಂದಿನ ನೆಗೆತ ಮಿಡ್‌ವೇ ದ್ವೀಪಕ್ಕೆ. ಅದರ ತಾಲೀಮಿಗಾಗಿ 1942ರ ಮೇ ಮೊದಲ ವಾರದಲ್ಲಿ ಯಮಾಟೊ ಎಂಬ ಮಹಾನೌಕೆಯ ಮೇಲೆ ನಕಾಶೆ ಹಾಸಿ ಯುದ್ಧದಾಟ ನಡೆಯಿತು. ತೀರ್ಪುಗಾರರ ಮುಖ್ಯಸ್ಥ ರಿಯರ್ ಅಡ್ಮಿರಲ್ ಉಗಾಕಿ.

ಆ ಆಟದಲ್ಲಿ ನಡೆದದ್ದನ್ನು ಜಪಾನಿನ ನೌಕಾಪಡೆಯವರೇ ಆದ ಫುಚಿದಾ ಮತ್ತು ಒಕುಮಿಯಾ ಯುದ್ಧದ ನಂತರ ಪುಸ್ತಕವಾಗಿ ಬರೆದಿದ್ದಾರೆ. ಅಮೆರಿಕದ ಕಡೆಯ ವಿಮಾನಗಳು ಜಪಾನಿನ ವಿಮಾನವಾಹಕ ಹಡಗುಗಳ ಮೇಲೆ ಬಾಂಬು ಹಾಕಿದವು. ದಾಳ ಉರುಳಿತು. ಒಂಬತ್ತು ಬಾಂಬುಗಳು ತಗುಲಿದವು. ಅಕಾಗಿ, ಕಾಗಾ ಎರಡೂ ಮುಳುಗಿದವು ಎಂದು ತೀರ್ಪಾಯಿತು. ಉಗಾಕಿಗೆ ಇದು ಒಪ್ಪಿಗೆಯಾಗಲಿಲ್ಲ. ಒಂಬತ್ತಲ್ಲ, ಮೂರು ಎಂದು ತಿದ್ದಿಸಿದ. ಅಕಾಗಿ ತೇಲಿತು. ಮುಳುಗಿದ್ದ ಕಾಗಾ ಕೂಡ ಆಟದ ಮುಂದಿನ ಸುತ್ತಿನಲ್ಲಿ ಏನೂ ಆಗಿಲ್ಲವೆಂಬಂತೆ ಬಂದು ಸಾಲಿನಲ್ಲಿ ನಿಂತಿತು.

ಅರಳಿಕಟ್ಟೆಯ ಮೇಲಾಗಿದ್ದರೆ 'ಸತ್ತ ಕುರಿ ಎಲ್ಲಿಂದ ಬಂತು ಸ್ವಾಮಿ?' ಎಂದು ಯಾರಾದರೂ ಕೇಳಿಬಿಡುತ್ತಿದ್ದರು. ಯಮಾಟೊ ಹಡಗಿನಲ್ಲಿ ಆ ತೀರ್ಪನ್ನು ತಡೆಯುವ ದನಿ ಏಳಲಿಲ್ಲ. ಒಂದು ತಿಂಗಳ ನಂತರ, ಜೂನ್ 4ರಂದು, ನಿಜವಾದ ಮಿಡ್‌ವೇಯಲ್ಲಿ ನಿಜವಾದ ಬಾಂಬುಗಳು ಬಿದ್ದವು. ಅಕಾಗಿ, ಕಾಗಾ ಮಾತ್ರವಲ್ಲ, ಸೊರ್ಯು, ಹಿರ್ಯು ಸಹ ಸಮುದ್ರದ ಪಾಲಾದವು. ಸಾವಿರಾರು ನಾವಿಕರು ಸತ್ತರು. ಅವರನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸಲು ಯಾವ ತೀರ್ಪುಗಾರನಿಗೂ ಸಾಧ್ಯವಾಗಲಿಲ್ಲ.

ಕುರಿಗಳು ಕೂತ ಮೇಲೆ

ಪೆಸಿಫಿಕ್ ಯುದ್ಧವನ್ನು ಅರ್ಥಮಾಡಿಕೊಳ್ಳಲು ಹುಲಿ-ಕುರಿಗಿಂತ ಒಳ್ಳೆಯ ಪಾಠ ಸಿಗಲಾರದು. ಜಪಾನಿಗೆ ಬೇಕಾದ ಎಣ್ಣೆಯಲ್ಲಿ ಬಹುಪಾಲು ಅಮೆರಿಕದಿಂದಲೇ ಬರುತ್ತಿತ್ತು. ಜಪಾನ್ ಇಂಡೋಚೈನಾದ ದಕ್ಷಿಣಕ್ಕೆ ನುಗ್ಗಿದಾಗ, 1941ರ ಮಧ್ಯದಲ್ಲಿ ಅಮೆರಿಕ ಅದನ್ನು ನಿಲ್ಲಿಸಿತು. ಹಸಿದ ಹುಲಿಗೆ ಉಳಿದದ್ದು ಎರಡೇ ದಾರಿ: ಹಿಂದೆ ಸರಿಯುವುದು, ಇಲ್ಲವೇ ಎಲ್ಲ ಕುರಿಗಳೂ ಹಾಸಿಗೆ ಇಳಿಯುವ ಮುನ್ನ ಸಾಧ್ಯವಾದಷ್ಟನ್ನು ತಿನ್ನುವುದು. ಅದು ಎರಡನೆಯದನ್ನು ಆರಿಸಿಕೊಂಡಿತು. ಅತ್ತ ಅಮೆರಿಕದ ಹಡಗುಕಟ್ಟೆಗಳಲ್ಲಿ ಕುರಿಗಳು ಒಂದೊಂದಾಗಿ ಸಿದ್ಧವಾಗುತ್ತಿದ್ದವು. ಎಸೆಕ್ಸ್ ವರ್ಗದ ದೊಡ್ಡ ವಿಮಾನವಾಹಕಗಳೇ ಯುದ್ಧ ಮುಗಿಯುವುದರೊಳಗೆ ಒಂದು ಡಜನ್ನಿಗೂ ಹೆಚ್ಚು ನೀರಿಗಿಳಿದವು. 1943ರ ನಂತರದ ಕಥೆ ಸುತ್ತುಗಟ್ಟುವ ಕಥೆ.

ಯುದ್ಧ ಮುಗಿದ ಮೇಲೆ ಅದು ಮತ್ತೆ ಆಟವಾಯಿತು. ಅಮೆರಿಕದ ಅವಲಾನ್ ಹಿಲ್ ಕಂಪನಿ 1964ರಲ್ಲಿ 'ಮಿಡ್‌ವೇ' ಎಂಬ ಪೆಟ್ಟಿಗೆಯ ಆಟವನ್ನು ಅಂಗಡಿಗೆ ತಂದಿತು. 1992ರಲ್ಲಿ ಗ್ಯಾರಿ ಗ್ರಿಗ್ಸ್‌ಬಿ ಎಂಬಾತ ರೂಪಿಸಿದ 'ಪೆಸಿಫಿಕ್ ವಾರ್' ಕಂಪ್ಯೂಟರಿಗೆ ಬಂತು. ಆತನದೇ ತಂಡದ ಮುಂದಿನ ದೊಡ್ಡ ಆಟದಲ್ಲಿ ಒಂದು ನಡೆ ಎಂದರೆ ಒಂದು ದಿನ. ಪರ್ಲ್ ಹಾರ್ಬರಿನಿಂದ 1945ರ ಸೆಪ್ಟೆಂಬರ್ 2ರ ಶರಣಾಗತಿಯವರೆಗೆ ಆಡಬೇಕೆಂದರೆ 1,365 ನಡೆ. ದಿನಕ್ಕೊಂದು ನಡೆ ಆಡುವ ಇಬ್ಬರಿಗೆ, ನಿಜವಾದ ಯುದ್ಧಕ್ಕೆ ಹಿಡಿದಷ್ಟೇ ಕಾಲ ಹಿಡಿಯುತ್ತದೆ!

ಇಲ್ಲಿಯೂ ಆಟದಷ್ಟೇ ಅದರ ವಿವರಣೆ ಮುಖ್ಯ. ತಾವು ಆಡಿದ್ದನ್ನು ಯುದ್ಧ ವರದಿಯ ಗತ್ತಿನಲ್ಲಿ ಬರೆದು, ತಮ್ಮ ದಡ್ಡತನವನ್ನು ತಾವೇ ಗೇಲಿ ಮಾಡಿಕೊಳ್ಳುವುದು ಈ ಆಟಗಾರರ ವಾಡಿಕೆ. ಹಡಗಿಗೆ ಎಣ್ಣೆ ತುಂಬಿಸಲು ಮರೆತ ಅಡ್ಮಿರಲ್, ತಪ್ಪು ದ್ವೀಪಕ್ಕೆ ಅಕ್ಕಿ ಕಳಿಸಿದ ದಂಡನಾಯಕ, ತನ್ನದೇ ಬಾಂಬಿಗೆ ಬೆದರಿದ ವೈಮಾನಿಕ, ಇವರೆಲ್ಲ ಆ ವರದಿಗಳಿಗೆ ಒಪ್ಪುವ ಪಾತ್ರಗಳು. ಅರಳಿಕಟ್ಟೆಯ ಹತ್ತು ಬಾಯಿಗಳು ಸಾಗರದಾಚೆಯಲ್ಲೂ ಇವೆ ಎಂದಾಯಿತು. ನಗು ಇರುವ ಕಡೆ ಸತ್ತ ಹಡಗನ್ನು ತೇಲಿಸುವುದು ಕಷ್ಟ.

ನಕಾಶೆಯ ಅಂಚಿನಲ್ಲಿ

ಇಂಥ ಆಟಗಳ ನಕಾಶೆಯಲ್ಲಿ ಭಾರತ ಬರುವುದು ಪಶ್ಚಿಮದ ಅಂಚಿನಲ್ಲಿ. ಹಡಗು, ವಿಮಾನ, ಎಣ್ಣೆ ಎಲ್ಲಕ್ಕೂ ಲೆಕ್ಕವಿದೆ, ಹುಳುವಿನ ಲೆಕ್ಕವಿಲ್ಲ. ಆದರೆ ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಶಿಡ್ಲಘಟ್ಟ ಸೀಮೆಯನ್ನು ಈ ಯುದ್ಧ ತಟ್ಟಿದ್ದು ಹುಳುವಿನ ದಾರಿಯಿಂದಲೇ.

ಮೈಸೂರು ಸೀಮೆಗೆ ರೇಷ್ಮೆ ತಂದವನು ಟಿಪ್ಪು ಸುಲ್ತಾನ್. ಅದಕ್ಕೆ ಹೊಸ ವಿಧಾನ ಕಲಿಸಲು ಜಮಶೇಟ್‌ಜಿ ಟಾಟಾ 19ನೇ ಶತಮಾನದ ಕೊನೆಗೆ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿದಾಗ ಕರೆಸಿದ್ದು ಜಪಾನಿನವರನ್ನು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ, ಅಲ್ಲಿಯ ಶಾಲೆ ಕಾರ್ಖಾನೆಗಳನ್ನು ನೋಡಿ ಬೆರಗಾಗಿ ಬಂದರು. ಆಗ ಜಪಾನ್ ಎಂದರೆ ಗುರು.

1930ರ ದಶಕಕ್ಕೆ ಆ ಗುರುವೇ ಹುಲಿಯಾದ. ಅಗ್ಗದ ಜಪಾನಿ ರೇಷ್ಮೆ ಭಾರತದ ಪೇಟೆಗೆ ನುಗ್ಗಿ, ಗೂಡಿನ ಬೆಲೆ ಬಿದ್ದು, ಹಿಪ್ಪುನೇರಳೆ ಬೆಳೆಗಾರರು ಸೊರಗಿದರು. ಸುಂಕ ಮಂಡಳಿಯ ವಿಚಾರಣೆ ನಡೆದು 1934ರಲ್ಲಿ ಆಮದಿನ ಮೇಲೆ ರಕ್ಷಣಾ ಸುಂಕ ಬಂತು. ಅದು ಸಾಕಾಗಲಿಲ್ಲ. ಬೆಳೆಗಾರರಿಗೆ ಉಸಿರು ಬಂದದ್ದು 1941ರಲ್ಲಿ, ಜಪಾನಿನ ಹಡಗುಗಳು ಬರುವುದು ನಿಂತಾಗ. ಪ್ಯಾರಾಚೂಟಿಗೆ ಅಂದು ರೇಷ್ಮೆಯೇ ಬೇಕಿತ್ತು. ಕಾಶ್ಮೀರ, ಮೈಸೂರುಗಳ ರೇಷ್ಮೆಗೆ ಒಮ್ಮೆಲೇ ಯುದ್ಧದ ಬೇಡಿಕೆ ಕುದುರಿತು. ಚರಕದ ನೂಲು ಒಂದೆಡೆ ದಪ್ಪ, ಒಂದೆಡೆ ತೆಳು. ಪ್ಯಾರಾಚೂಟಿಗೆ ಸಮನಾದ ಎಳೆ ಬೇಕು. ಹಾಗಾಗಿ ಯಂತ್ರದ ಫಿಲೇಚರುಗಳಿಗೆ ಮಹತ್ವ ಬಂತು. ಹಳ್ಳಿಯ ಮನೆಯಲ್ಲಿ ಜ್ವರ ದಾಟಿ, ಚಂದ್ರಿಕೆಯ ಮೇಲೆ ಗೂಡು ಕಟ್ಟುವ ಹುಳುವಿಗೆ, ತಾನು ಯಾವ ಸೈನಿಕನನ್ನು ಆಕಾಶದಿಂದ ಇಳಿಸಲಿದ್ದೇನೆ ಎಂಬುದು ತಿಳಿದಿರಲು ಸಾಧ್ಯವೇ?

ಆದರೂ ಸಾಲಲಿಲ್ಲ. 1944ರಲ್ಲಿ ಬರ್ಮಾ ರಣರಂಗದ ಸೇನಾನಿ ಸ್ಲಿಮ್, ಸಾಮಾನು ಇಳಿಸಲು ಕಲ್ಕತ್ತೆಯ ಸೆಣಬಿನಲ್ಲೇ ಪ್ಯಾರಾಚೂಟ್ ಮಾಡಿಸಿದ. ಗೋಣಿಯ ಬಟ್ಟೆ ಆಕಾಶಕ್ಕೇರಿದ್ದನ್ನು ಕಂಡು ಸೈನಿಕರು ನಕ್ಕಿರಬೇಕು. ಆದರೆ ಅದು ಕೆಲಸ ಮಾಡಿತು.

ಯುದ್ಧ ತಂದದ್ದು ಬೆಲೆಯನ್ನು ಮಾತ್ರವಲ್ಲ. 1942ರ ಏಪ್ರಿಲ್‌ನಲ್ಲಿ ಜಪಾನಿನ ವಿಮಾನಗಳು ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದಾಗ, ಮದರಾಸಿನಿಂದ ಜನ ಗಂಟುಮೂಟೆ ಕಟ್ಟಿ ಒಳನಾಡಿಗೆ ಓಡಿದರು. ರಂಗೂನಿನ ಅಕ್ಕಿ ನಿಂತಿತು. ಅದರ ಅತಿ ಭೀಕರ ಫಲವನ್ನು ಉಂಡದ್ದು ಬಂಗಾಳ: 1943ರ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಬರ್ಮಾ ಕೈಬಿಟ್ಟದ್ದು ಒಂದು ಕಾರಣವಾದರೆ, ಶತ್ರುವಿಗೆ ಸಿಗಬಾರದೆಂದು ಸರ್ಕಾರವೇ ಅಕ್ಕಿಯನ್ನೂ ದೋಣಿಗಳನ್ನೂ ಕಸಿದುಕೊಂಡದ್ದು ಇನ್ನೊಂದು. ಸಮುದ್ರಯುದ್ಧದ ಯಾವ ಆಟದ ಹಾಸಿನಲ್ಲೂ ಈ 30 ಲಕ್ಷಕ್ಕೆ ಒಂದು ಬೀಜವನ್ನಿಟ್ಟಿಲ್ಲ.

ಹುಲಿ ಬದಲಾಗುತ್ತದೆ

ಯುದ್ಧ ಮುಗಿಯಿತು, ಪ್ಯಾರಾಚೂಟಿಗೆ ನೈಲಾನ್ ಬಂತು, ರೇಷ್ಮೆಯ ಬೇಡಿಕೆ ಕುಸಿಯಿತು. ಯುದ್ಧ ಕಲಿಸಿದ ಪಾಠವೆಂದರೆ ಬೆಳೆಗಾರನನ್ನು ಯುದ್ಧದ ಕೃಪೆಗೆ ಬಿಡಬಾರದು ಎಂಬುದು. 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಕೆಲಸ ಆರಂಭಿಸಿತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲೊಂದಾಗಿ ಬೆಳೆಯಿತು. 1991ರಲ್ಲಿ ಜಪಾನ್ ಮತ್ತೆ ಬಂತು, ಈ ಸಲ ಗುರುವಾಗಿಯೇ: ದ್ವಿತಳಿ ರೇಷ್ಮೆಯನ್ನು ಇಲ್ಲಿಯ ಹವೆಗೆ ಒಗ್ಗಿಸುವ ಯೋಜನೆಯಲ್ಲಿ ಜಪಾನಿ ತಜ್ಞರು ಮೈಸೂರಿನ ಸಂಶೋಧಕರೊಂದಿಗೆ ಕೂತು ದುಡಿದರು. ಅರ್ಧ ಶತಮಾನದಲ್ಲಿ ಹುಲಿ ಹಾಸಿನ ಆಚೆಗೆ ಸರಿದು ಆಟ ಕಲಿಸತೊಡಗಿತ್ತು.

ಆಮೇಲೆ ಹುಲಿಯ ಜಾಗಕ್ಕೆ ಚೀನಾದ ಅಗ್ಗದ ರೇಷ್ಮೆ ಬಂದು ಕೂತಿತು. 2011ರಲ್ಲಿ ಕೇಂದ್ರ ಬಜೆಟ್ಟು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ದರ ಕುಸಿದು ಬೆಳೆಗಾರರು ಬೀದಿಗಿಳಿದರು. ದೂರದ ಕೊಠಡಿಯಲ್ಲಿ ಯಾರೋ ಒಬ್ಬರು ಅಂಕಿಯೊಂದನ್ನು ತಿದ್ದುತ್ತಾರೆ. ಇಲ್ಲಿ ಹುಳುಮನೆಯ ದೀಪ ಆರುತ್ತದೆ.

ಉಗಾಕಿ ತಿದ್ದಿದ್ದು ಕೂಡ ಒಂದು ಅಂಕಿಯನ್ನೇ: ಒಂಬತ್ತನ್ನು ಮೂರು ಮಾಡಿದ, ಅಷ್ಟೆ. ತಿದ್ದುವವನಿಗೆ ಅದು ಬರಿಯ ಅಂಕಿ. ಹಾಸಿನ ಮೇಲಿನ ಬೀಜಕ್ಕೆ ಮಾತ್ರ ಅದು ಜೀವ. ಹುಲಿ-ಕುರಿ ಆಡುವ ಕಟ್ಟೆಗಳು ಇಂದು ಚಿಕ್ಕಬಳ್ಳಾಪುರ ಸೀಮೆಯಲ್ಲಿ ಕಡಿಮೆಯಾಗಿವೆ. ಆಟ ಮರೆತರೂ ಅಡ್ಡಿಯಿಲ್ಲ, ಅದರ ಸುತ್ತ ನಿಂತು 'ಸತ್ತ ಕುರಿ ಎಲ್ಲಿಂದ ಬಂತು?' ಎಂದು ನಗುತ್ತಲೇ ಕೇಳುತ್ತಿದ್ದ ಹತ್ತು ಬಾಯಿಗಳು ಮಾತ್ರ ಸುಮ್ಮನಾಗಬಾರದು.